ಬೀಡಿ ಮುಟ್ಟದ ಸೌಂದರ್ಯಳ ಆಪರೇಷನ್ ನಿಂತದ್ದು ಯಾಕೆ?

ಹೊಗೆಸೊಪ್ಪು ಮುರಿಯುವ ಕಾಲ ಬಂತೆಂದರೆ ಪಿರಿಯಾಪಟ್ಟಣದ ಸುತ್ತಮುತ್ತ ನಮ್ಮ ಹೆಂಗಸರಿಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತಿಲ್ಲ. ಹೊಲದಿಂದ ಬಂದ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಬೇಕು. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿಗೆ, ಅಂದರೆ ಸೊಪ್ಪು ಬೇಯಿಸುವ ಮನೆಗೆ ಏರಿಸಬೇಕು. ಸೊಪ್ಪಿನ ಅಂಟು ಮೆತ್ತಿ ಕೈಯೆಲ್ಲ ಕಪ್ಪಾಗುತ್ತದೆ. ಮಳೆ ಬಿದ್ದ ಸೊಪ್ಪಾದರೆ ತಲೆ ಸುತ್ತುತ್ತದೆ, ವಾಂತಿಯೂ ಆಗುತ್ತದೆ. "ಸೊಪ್ಪು ತಲೆಗೇರ್ತು, ಒಸಿ ಮಜ್ಜಿಗೆ ಕುಡಿ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಮತ್ತೆ ಕಟ್ಟಲು ಕೂರುತ್ತೇವೆ. ಅದು ಯಾಕಾಗುತ್ತದೆ ಎಂದು ಇಷ್ಟು ವರ್ಷ ನಮ್ಮಲ್ಲಿ ಒಬ್ಬಳೂ ಕೇಳಿರಲಿಲ್ಲ.

ನನ್ನ ಹೆಸರು ಪ್ರಮೀಳಾ. ಸ್ತ್ರೀಶಕ್ತಿ ಸಂಘದಲ್ಲಿದ್ದೇನೆ. ಬಾಯಿ ಜೋರು ಎಂದು ಊರಲ್ಲಿ ಹೇಳುತ್ತಾರೆ. ಹೇಳಿಕೊಳ್ಳಲಿ. ಬಾಯಿ ಇಲ್ಲದವಳಾಗಿದ್ದರೆ ಈ ಕಥೆಯನ್ನು ನಿಮಗೆ ಯಾರು ಹೇಳುತ್ತಿದ್ದರು?

ಆವತ್ತು ಪಕ್ಕದ ಮನೆಯ ಬೀರಮ್ಮ ಸೊಪ್ಪು ಕಟ್ಟಲು ಬಂದವಳು ಕಡ್ಡಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನಾಯ್ತು ಬೀರಕ್ಕ, ಗರ ಬಡ್ದಂಗೆ ಕೂತಿದ್ದೀಯ?"

"ಮೂಳೆ ಕೆರೀತಾರಂತೆ ಕಣೆ ಪ್ರಮೀಳಾ."

"ಯಾರ್ ಮೂಳೆಯೇ?"

"ನಮ್ ಸೌಂದರ್ಯಂದು. ಹಣೆ ಮೂಳೆ, ದವಡೆ ಮೂಳೆ, ಎಲ್ಡೂವೆ."

ಕೈಯಲ್ಲಿದ್ದ ದಾರದುಂಡೆ ಉರುಳಿಕೊಂಡು ಹೋಯಿತು. ಅದನ್ನು ಹಿಡಿಯಬೇಕೆಂಬುದೂ ತೋಚಲಿಲ್ಲ.

ಸೌಂದರ್ಯ ಬೀರಮ್ಮನ ಒಬ್ಬಳೇ ಮಗಳು. ಹುಟ್ಟಿದಾಗ ಗಂಡುಮಗು ಎಂದೇ ತೊಟ್ಟಿಲಿಗೆ ಹಾಕಿದ್ದೆವು. ಬೆಳೆದ ಮೇಲೆ ಅವಳೇ ಹೇಳಿದಳು, ನಾನು ಹೆಣ್ಣು ಎಂದು. ಊರು ಒಂದಷ್ಟು ದಿನ ಆಡಿಕೊಂಡಿತು, ಆಮೇಲೆ ಬೇರೆಯವರ ಮನೆಯ ಸುದ್ದಿ ಸಿಕ್ಕಿತು, ಇವಳನ್ನು ಬಿಟ್ಟಿತು. ಹುಣಸೂರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೂ ಸೇರಿದ್ದಳು. ಆದರೆ ಸೀರೆ ನೋಡಲು ಬಂದವರು ಸೀರೆ ಬಿಟ್ಟು ಇವಳ ದವಡೆ ನೋಡುತ್ತಿದ್ದರು. ಗಂಡೋ ಹೆಣ್ಣೋ ಎಂದು ಎದುರಿಗೇ ಕೇಳುತ್ತಿದ್ದರು. ಕೆಲಸ ಬಿಟ್ಟು ಊರಿಗೆ ಬಂದು ನಮ್ಮ ಜೊತೆ ಸೊಪ್ಪು ಕಟ್ಟುತ್ತಿದ್ದಳು.

"ಕನ್ನಡಿ ನೋಡುದ್ರೆ ಬ್ಯಾರೆ ಯಾರೋ ಕಾಣ್ತಾರೆ ಚಿಕ್ಕವ್ವ" ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದಳು. ಮುಖವನ್ನು ಹೆಣ್ಣಿನ ಮುಖದಂತೆ ತಿದ್ದುವ ಆಪರೇಷನ್ ಇದೆಯೆಂದು ಅವಳೇ ಮೈಸೂರಿನ ದೊಡ್ಡಾಸ್ಪತ್ರೆಯೊಂದಕ್ಕೆ ಹೋಗಿ ವಿಚಾರಿಸಿಕೊಂಡು ಬಂದಿದ್ದಳು. ಅವಳ ಅಪ್ಪ, ಅಂದರೆ ಬೀರಮ್ಮನ ಗಂಡ ಅಣ್ಣಯ್ಯ, ಕೂಗಾಡಿದ. ಕೊನೆಗೆ, "ಒಂದೇ ಸಲ ಒಪ್ಪೋದು ನಾನು. ಏನಾರ ಅಡ್ಡಿ ಬಂತೋ, ದೇವ್ರೇ ಬ್ಯಾಡ ಅಂದಂಗೆ. ಆಮೇಲೆ ನನ್ ಮುಂದೆ ಆ ಮಾತು ಎತ್ಬಾರ್ದು" ಎಂದುಬಿಟ್ಟ.

ಕೈಕಾಲು ಮುರಿದರೆ ಆಪರೇಷನ್ ಉಂಟು. ನೆಟ್ಟಗಿರುವ ಹಣೆಯನ್ನು ಕೊಯ್ಯುವುದು ಯಾವ ನ್ಯಾಯ? ನನಗಂತೂ ಸಿಟ್ಟು ಬಂತು. ಆ ಡಾಕ್ಟರಿಗೆ ನಾಲ್ಕು ಮಾತು ಅಂದೇ ಬರುವುದು ಎಂದು ಬೀರಮ್ಮನನ್ನೂ ಸೌಂದರ್ಯಳನ್ನೂ ಹೊರಡಿಸಿಕೊಂಡು ಮೈಸೂರಿನ ಬಸ್ಸು ಹತ್ತಿದೆ.

ಡಾಕ್ಟರು ಹೆಂಗಸು. ನಾನು ಬಾಯಿ ತೆಗೆಯುವ ಮೊದಲೇ ಬೀರಮ್ಮ ಕೇಳಿಬಿಟ್ಟಳು.

"ನನ್ ಮಗು ಸತ್ತೋದ್ರೆ ಯಾರವ್ವ ಜವಾಬ್ದಾರಿ?"

"ಸರಿಯಾದ ಪ್ರಶ್ನೆ ಕೇಳಿದ್ರಿ ಅಮ್ಮ" ಎಂದರು ಡಾಕ್ಟರು. "ಅಪಾಯವೇ ಇಲ್ಲ ಅಂತ ಯಾರಾದರೂ ಹೇಳಿದರೆ ಅವರ ಹತ್ತಿರ ಮಗಳನ್ನು ಬಿಡಬೇಡಿ. ಅಪಾಯ ಇದೆ. ಅದನ್ನ ಕಡಿಮೆ ಮಾಡೋದೇ ನಮ್ಮ ಕೆಲಸ."

ಆಮೇಲೆ ಒಂದು ಬುರುಡೆಯ ಬೊಂಬೆ ಇಟ್ಟುಕೊಂಡು ತೋರಿಸಿದರು. ಕೂದಲಿನ ಅಂಚಿನಲ್ಲಿ ಕೊಯ್ದು ಹುಬ್ಬಿನ ಮೇಲೆ ಉಬ್ಬಿದ ಮೂಳೆಯನ್ನು ತಗ್ಗಿಸುತ್ತಾರೆ. ದವಡೆಯ ಮೂಳೆಯನ್ನು ಬಾಯೊಳಗಿನಿಂದಲೇ ಕೊಯ್ದು ತಿದ್ದುತ್ತಾರೆ. ಹೊರಗೆ ಗಾಯ ಕಾಣುವುದಿಲ್ಲ. ಕೇಳುತ್ತಿದ್ದರೆ ನನ್ನ ಹಲ್ಲು ತಾನಾಗಿ ಕಚ್ಚಿಕೊಂಡಿತು. ಬೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಪೂರ್ತಿ ಎಚ್ಚರ ತಪ್ಪಿಸ್ತೀವಿ. ಅದಕ್ಕೇ ಬೇರೆ ಡಾಕ್ಟರ್ ಇರ್ತಾರೆ. ರಕ್ತ ಹೋಗಬಹುದು, ಕೀವಾಗಬಹುದು. ಹಣೆ, ತುಟಿ ಕೆಲವು ತಿಂಗಳು ಜೋಮು ಹಿಡಿದ ಹಾಗಿರುತ್ತೆ, ಕೆಲವರಿಗೆ ಒಂದಿಷ್ಟು ಉಳಿದುಬಿಡುತ್ತೆ. ಅಪರೂಪಕ್ಕೆ ನರಕ್ಕೆ ಪೆಟ್ಟಾಗುತ್ತೆ. ಕಲಿತ ಕೈ, ಸರಿಯಾದ ಆಸ್ಪತ್ರೆ, ಆರೋಗ್ಯವಾಗಿರೋ ಪೇಷಂಟ್, ಈ ಮೂರೂ ಇದ್ದರೆ ದೊಡ್ಡ ತೊಂದರೆ ಕಡಿಮೆ. ಸ್ಕ್ಯಾನು, ರಕ್ತಪರೀಕ್ಷೆ, ಮನಸ್ಸಿನ ಡಾಕ್ಟರ ಜೊತೆ ಮಾತುಕತೆ, ಇದೆಲ್ಲ ಆದಮೇಲೇ ಆಪರೇಷನ್."

"ಇದು ಮಾಡುಸ್ಕಂಡ್ರೇನೇ ಹೆಣ್ಣಾ ಅಂಗಾದ್ರೆ?" ಎಂದೆ ನಾನು, ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಖಂಡಿತ ಅಲ್ಲ. ಎಷ್ಟೋ ಜನಕ್ಕೆ ಇದು ಬೇಕೇ ಆಗಲ್ಲ, ಅವರು ಹಾಗೇ ನೆಮ್ಮದಿಯಾಗಿದ್ದಾರೆ. ನಿಮ್ಮ ಸೌಂದರ್ಯ ಈಗಾಗಲೇ ಹೆಣ್ಣೇ. ಅವಳಿಗೆ ಬೇಕು ಅನ್ನಿಸಿದೆ, ಯೋಚನೆ ಮಾಡಿ ಹೇಳ್ತಿದ್ದಾಳೆ. ಅದಕ್ಕೆ ಮಾಡ್ತೀವಿ."

ನಾನು ಹೊತ್ತುಕೊಂಡು ಹೋಗಿದ್ದ ನಾಲ್ಕು ಮಾತು ಬಾಯಲ್ಲೇ ಉಳಿದವು. ಚಿಕ್ಕ ಡಾಕ್ಟರೊಬ್ಬರು ಬಂದು ಒಂದೊಂದೇ ಪ್ರಶ್ನೆ ಕೇಳಿದರು. ಸಕ್ಕರೆ ಕಾಯಿಲೆ ಇದೆಯಾ? ಹಾರ್ಮೋನು ಮಾತ್ರೆ ಯಾವುದು ನುಂಗುತ್ತಿದ್ದೀರಿ? ಬೀಡಿ, ಸಿಗರೇಟು ಸೇದುತ್ತೀರಾ?

ಬೀರಮ್ಮ ಎದೆಯುಬ್ಬಿಸಿ ಹೇಳಿದಳು, "ನಮ್ ವಂಸದಲ್ಲೇ ಬೀಡಿ ಮುಟ್ದೋರಿಲ್ಲ ಕಣಪ್ಪ."

ನಾನೂ ಹೌದೆಂದು ತಲೆಯಾಡಿಸಿದೆ. ಸುಳ್ಳೇನಲ್ಲವಲ್ಲ.

ಆಪರೇಷನ್ ದಿನ ಗೊತ್ತಾಯಿತು. ಹಿಂದಿನ ದಿನವೇ ಸೌಂದರ್ಯಳನ್ನು ಸೇರಿಸಿಕೊಂಡರು. ಬೆಳಿಗ್ಗೆ ಅವಳಿಗೆ ಆಸ್ಪತ್ರೆಯ ಹಸಿರು ನಿಲುವಂಗಿ ತೊಡಿಸಿ, ತಲೆಗೆ ಟೋಪಿ ಹಾಕಿ ಕೂರಿಸಿದ್ದರು. ಬೀರಮ್ಮ ಅವಳ ಕೈ ಹಿಡಿದುಕೊಂಡಿದ್ದಳು. ಅಷ್ಟರಲ್ಲಿ ಡಾಕ್ಟರು ಬಂದರು. ಮುಖ ಬಿಗಿದುಕೊಂಡಿದ್ದರು.

"ಇವತ್ತು ಆಪರೇಷನ್ ಮಾಡಲ್ಲ. ಮೂತ್ರದ ಪರೀಕ್ಷೆಯಲ್ಲಿ ತಂಬಾಕಿನ ಅಂಶ ಬಂದಿದೆ. ಬೇಕಾದಷ್ಟು ಬಂದಿದೆ. ನೀವು ಯಾಕೆ ಸುಳ್ಳು ಹೇಳಿದ್ರಿ?"

ಸೌಂದರ್ಯ ಬಿಳಿಚಿಕೊಂಡಳು. "ನಮ್ಮವ್ವನ ಮೇಲಾಣೆ ಮೇಡಂ, ಒಂದು ದಿನಾನೂ ಬೀಡಿ ಸೇದಿಲ್ಲ" ಎಂದು ಅಳತೊಡಗಿದಳು. ಬೀರಮ್ಮ ಡಾಕ್ಟರ ಕಾಲಿಗೇ ಬೀಳಲು ಹೋದಳು. ಬಗ್ಗಿದಾಗ ಅವಳ ಸೊಂಟದಿಂದ ಎಲೆ ಅಡಿಕೆ ಚೀಲ ಕೆಳಕ್ಕೆ ಬಿತ್ತು.

ಡಾಕ್ಟರು ಅದನ್ನೇ ನೋಡಿದರು. "ಅಮ್ಮ, ಇದರಲ್ಲಿ ಏನೇನಿದೆ?"

"ಎಲೆ, ಅಡಿಕೆ, ಸುಣ್ಣ, ಒಸಿ ಕಡ್ಡಿಪುಡಿ."

"ಕಡ್ಡಿಪುಡಿ ಅಂದ್ರೆ ಹೊಗೆಸೊಪ್ಪೇ ಅಲ್ವಾ? ಮಗಳಿಗೂ ಕೊಟ್ರಾ?"

"ನೆನ್ನೆ ಸಂದೇಲಿ ಕೊಟ್ಟೆ. ಮಗ ನಡುಗ್ತಿತ್ತು. ಧೈರ್ಯ ಬರ್ಲಿ ಅಂತ ಒಂದು ಎಲೆ ಮಡಿಸ್ಕೊಟ್ಟೆ. ಸೊಪ್ಪು ಕಟ್ಟೋ ಕಾಲ್ದಲ್ಲಿ ಉಂಡ್ಮೇಲೆ ನಾವೆಲ್ಲಾ ಆಕ್ಕೊತೀವಿ, ಅವ್ಳೂ ಆಕ್ಕೊತಾಳೆ. ಅದು ಬೀಡಿ ಅಲ್ವಲ್ಲ ತಾಯಿ."

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಸೌಂದರ್ಯಳ ಅಂಗೈ ಮಗುಚಿ ನೋಡಿದರು. ಉಗುರಿನ ಸಂದಿಯಲ್ಲಿ ಸೊಪ್ಪಿನ ಕಪ್ಪು ಇನ್ನೂ ಇತ್ತು.

"ಹಸಿ ಸೊಪ್ಪನ್ನ ಬರಿಗೈಲಿ ಕಟ್ತೀರಾ? ತಲೆ ಸುತ್ತು, ವಾಂತಿ ಬರುತ್ತಾ?"

"ಎಲ್ಲಾರ್ಗೂ ಬತ್ತದೆ" ಎಂದೆ.

"ಅದೇ ನಿಕೋಟಿನ್. ಒದ್ದೆ ಸೊಪ್ಪಿನಿಂದ ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತೆ. ಅಗಿದರೆ ಇನ್ನೂ ಜಾಸ್ತಿ. ಸೇದಲೇಬೇಕು ಅಂತಿಲ್ಲ. ರಕ್ತನಾಳ ಕಿರಿದಾಗುತ್ತೆ. ನಾವು ಹಣೆಯ ಚರ್ಮ ಎತ್ತಿ ಮತ್ತೆ ಹೊಲಿಯೋರು. ಅದಕ್ಕೆ ರಕ್ತ ಸರಿಯಾಗಿ ಹೋಗದಿದ್ದರೆ ಗಾಯ ಕೂಡಲ್ಲ, ಚರ್ಮ ಕಪ್ಪಾಗಿ ಸತ್ತೇ ಹೋಗಬಹುದು. ನಾವೂ ಬೀಡಿ ಸಿಗರೇಟು ಅಷ್ಟೇ ಕೇಳಿದ್ವಿ, ಅದು ನಮ್ಮ ತಪ್ಪು. ಕನಿಷ್ಠ ಆರು ವಾರ ಹೊಗೆಸೊಪ್ಪಿನ ಗಾಳಿಯೂ ಬೇಡ. ಆಮೇಲೆ ಮತ್ತೆ ಪರೀಕ್ಷೆ ಮಾಡೋಣ."

ಚರ್ಮವನ್ನೇ ಸಾಯಿಸುತ್ತದಂತೆ. ನಾವು ಬೆಳೆಯುವ ಬೆಳೆ, ನಾವು ಮಡಿಲಲ್ಲಿ ಕಟ್ಟಿಕೊಂಡು ತಿರುಗುವ ಪುಡಿ. ಬೀರಮ್ಮ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು.

ಮನೆಗೆ ಹೊರಟೆವು. ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾಗಿದ್ದ ರಮ್ಯಶ್ರೀಯೂ ಜೊತೆಗೆ ಬಸ್ಸು ಹತ್ತಿದಳು. ಅವಳದು ಮಿರ್ಲೆ ಊರು, ಹುಣಸೂರಿನಲ್ಲಿ ಬಟ್ಟೆ ಹೊಲಿಯುತ್ತಾಳೆ. ಸೌಂದರ್ಯಳ ಹಾಗೇ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವವಳು. ಕೆನ್ನೆ ಮುಚ್ಚುವಂತೆ ವೇಲು ಸುತ್ತಿಕೊಂಡಿದ್ದಳು. ಹಲ್ಲುನೋವಿರಬೇಕು ಎಂದುಕೊಂಡಿದ್ದೆ.

ಹುಣಸೂರು ಹತ್ತಿರವಾಗುವಾಗ ಸೌಂದರ್ಯಳ ಫೋನು ಹೊಡೆದುಕೊಂಡಿತು. ಆ ಕಡೆಯವನ ಮಾತು ನಮಗೂ ಕೇಳುವಷ್ಟು ಜೋರಾಗಿತ್ತು. ಕನಕರಾಜು ಎಂಬವನು. ಪಾರ್ಲರ್ ಇಟ್ಟಿದ್ದೇನೆ ಎಂದು ಹೇಳಿಕೊಂಡು, ಮುಖ ತಿದ್ದಿಕೊಡುತ್ತೇನೆಂದು ಬಟ್ಟೆ ಅಂಗಡಿಯ ದಿನಗಳಿಂದ ಇವಳ ಬೆನ್ನು ಬಿದ್ದಿದ್ದ. ಆಪರೇಷನ್ ನಿಂತಿತು ಎಂದು ಇವಳೇ ಅವನಿಗೆ ಮೆಸೇಜು ಹಾಕಿದ್ದಳಂತೆ. "ನಾನೇಳ್ಲಿಲ್ವಾ, ಆಸ್ಪತ್ರೆಯೋರು ಸುಮ್ನೆ ಸತಾಯಿಸ್ತಾರೆ ಅಂತ? ಟೆಸ್ಟು ಬೇಡ, ಕೊಯ್ಯೋದೂ ಬೇಡ. ಲಾಡ್ಜಿಗೆ ಬಾ. ಕೆನ್ನೆಗೆ, ಹಣೆಗೆ ಸೂಜೀಲಿ ತುಂಬ್ತೀನಿ. ಸಂಜೆಗೆ ಹೆಣ್ಣಿನ ಮುಖ ಹೊತ್ಕೊಂಡು ಮನೆಗೆ ಹೋಗು."

ಸೌಂದರ್ಯ ಎದ್ದು ನಿಂತು ಬ್ಯಾಗು ಹೆಗಲಿಗೇರಿಸಿದಳು.

"ಎಲ್ಗೆ ಮಗಾ?" ಎಂದಳು ಬೀರಮ್ಮ.

"ಇಳೀತೀನಿ ಅವ್ವ. ಇಂಗೇ ಮನೆಗೋದ್ರೆ ಅಪ್ಪ ಇನ್ನೊಂದ್ ಸಲ ಬುಡಕಿಲ್ಲ. ದೇವ್ರು ಬ್ಯಾಡ ಅಂದ ಅಂತದೆ. ಇವತ್ತು ಬುಟ್ರೆ ನಂಗೆ ಈ ಜನ್ಮದಲ್ಲಿಲ್ಲ."

"ಕೂತ್ಕೊಳೆ" ಎಂದು ಗದರಿದೆ. ಅವಳು ಕೇಳಲಿಲ್ಲ. ಬಸ್ಸು ಹುಣಸೂರು ನಿಲ್ದಾಣದೊಳಕ್ಕೆ ತಿರುಗಿತು. ಜನ ಇಳಿಯಲು ನುಗ್ಗಿದರು. ಸೌಂದರ್ಯ ಬಾಗಿಲ ಹತ್ತಿರ ಹೋಗಿದ್ದಳು. ಆಗ ರಮ್ಯಶ್ರೀ ಅವಳ ರಟ್ಟೆ ಹಿಡಿದು ನಿಲ್ಲಿಸಿ, ತನ್ನ ವೇಲು ಬಿಚ್ಚಿದಳು.

ಅಯ್ಯೋ ಶಿವನೆ. ಕೆನ್ನೆ ಒಂದು ಕಡೆ ಗಡ್ಡೆಗಟ್ಟಿ ಇಳಿಬಿದ್ದಿತ್ತು. ಚರ್ಮ ಕೆಂಪಾಗಿ, ಅಲ್ಲಲ್ಲಿ ಗುಳಿಬಿದ್ದು, ಕಲ್ಲು ಹುದುಗಿಸಿಟ್ಟಂತೆ ಉಬ್ಬಿತ್ತು. ಕಂಡಕ್ಟರು ಸೀಟಿ ಊದಲು ಹೋದವನು ಹಾಗೇ ನಿಂತ. ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ.

"ಇವ್ನೇ ಮಾಡಿದ್ದು" ಎಂದಳು ರಮ್ಯಶ್ರೀ. "ಅದೇ ಲಾಡ್ಜು. ಸಿಲಿಕಾನು ಅಂದ. ಮೊದಮೊದ್ಲು ಚೆಂದಾಗಿತ್ತು. ಆಮೇಲೆ ಜ್ವರ ಬಂತು, ಕೆನ್ನೆ ಗಟ್ಟಿಯಾಯ್ತು, ಒಳಗಿಂದು ಜಾರ್ಕೊಂಡು ಕೆಳಗಿಳೀತು. ಈಗ ಡಾಕ್ಟ್ರು ಒಸಿಒಸಿಯಾಗಿ ತಗೀತಾವ್ರೆ. ಪೂರ್ತಿ ತಗ್ಯಕ್ಕಾಗಲ್ಲ ಅಂದವ್ರೆ. ರಕ್ತದ ನಾಳಕ್ಕೆ ಓಗಿದ್ರೆ ಕಣ್ಣೋಯ್ತಿತ್ತಂತೆ, ಜೀವಾನೇ ಓಯ್ತಿತ್ತಂತೆ. ನಾನೂ ಆತುರ ಬಿದ್ದೆ ಕಣೆ. ಓಗಂಗಿದ್ರೆ ಓಗು. ನನ್ ಕೆನ್ನೆ ಮುಟ್ಟಿ ನೋಡ್ಕಂಡು ಓಗು."

ಸೌಂದರ್ಯ ಕೈ ಚಾಚಿ ಮುಟ್ಟಿದಳು. ಮುಟ್ಟಿದ ಕೈಯನ್ನು ಸರ್ರನೆ ಹಿಂದಕ್ಕೆಳೆದುಕೊಂಡು ಮೆಟ್ಟಿಲ ಮೇಲೇ ಕುಸಿದು ಕೂತಳು. ರಮ್ಯಶ್ರೀ ಅವಳನ್ನು ದಾಟಿಕೊಂಡು ಇಳಿದು ಹೋದಳು. ನಾವು ಸೌಂದರ್ಯಳನ್ನು ಎಬ್ಬಿಸಿ ಸೀಟಿಗೆ ಕರೆತಂದೆವು.

ಮನೆಯಲ್ಲಿ ಅಣ್ಣಯ್ಯ ಬ್ಯಾರನ್ ಮುಂದೆ ಸೌದೆ ಒಟ್ಟುತ್ತಿದ್ದ. ವಿಷಯ ಕೇಳಿದ್ದೇ ತಡ, "ನಾನೇಳ್ಳಿಲ್ವಾ, ದೇವ್ರು ಬ್ಯಾಡ ಅಂದ" ಎಂದ.

"ದೇವ್ರಲ್ಲ ಕಣಯ್ಯ, ನಾನು" ಎಂದಳು ಬೀರಮ್ಮ. ಗಂಡನ ಮುಂದೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. "ಧೈರ್ಯಕ್ಕೆ ಅಂತ ನಾನೇ ಹೊಗೆಸೊಪ್ಪು ತಿನ್ನುಸ್ದೆ. ಡಾಕ್ಟ್ರು ನೋಡ್ದೆ ಕೊಯ್ದಿದ್ರೆ ಮಗೀನ ಹಣೆ ಕೊಳ್ತೋಯ್ತಿತ್ತು. ದೇವ್ರಿಗ್ಯಾಕೆ ಸುಮ್ಕೆ ಕೆಟ್ಟೆಸ್ರು ತತ್ತೀಯ?"

ಅಣ್ಣಯ್ಯ ಇನ್ನೂ ಗೊಣಗಿದ. ನನಗೆ ತಡೆಯಲಾಗಲಿಲ್ಲ.

"ಬಾವ, ಓದ್ ವರ್ಷ ನಿನ್ ಬ್ಯಾರನ್ನಲ್ಲಿ ಬಿಸಿ ಹೊಗೆ ಓಗೋ ಪೈಪು ತೂತಾಗಿತ್ತಲ್ಲ. ಅಂಗೇ ಬೆಂಕಿ ಹಾಕ್ದಾ?"

"ಹಾಕುದ್ರೆ ಬ್ಯಾರನ್ನೇ ಸುಟ್ಟೋಗದಾ? ರಿಪೇರಿ ಮಾಡಿಸ್ದೆ."

"ಆಗ ದೇವ್ರು ಬ್ಯಾಡ ಅಂದ ಅಂತ ಸೊಪ್ಪು ಬೇಯಿಸೋದೇ ಬುಟ್ಯಾ?"

ಅಣ್ಣಯ್ಯ ಕೈಯಲ್ಲಿದ್ದ ಸೌದೆಯನ್ನು ಕೆಳಗಿಟ್ಟ. ತಲೆ ಕೆರೆದುಕೊಂಡ.

"ಪೈಪು ನೋಡ್ದೆ ಬೆಂಕಿ ಹಾಕೋನು ದಡ್ಡ" ಎಂದ ಕೊನೆಗೆ. "ಆ ಡಾಕ್ಟ್ರಮ್ಮ ನೋಡೇ ನಿಲ್ಸವ್ಳೆ. ಅಂಗಾರೆ ಕೈ ಸುದ್ದಾಗಿರೋಳೇ. ಆಗ್ಲಿ. ಸೌಂದರ್ಯ, ಇನ್ ನೀನು ಸೊಪ್ಪು ಮುಟ್ಬೇಡ. ಆಳುಗಳ ಅಡುಗೆ ನೋಡ್ಕೊ. ಕಡ್ಡಿ ನಾನ್ ಕಟ್ತೀನಿ."

ಅವನು ಕಟ್ಟಿದ ಕಡ್ಡಿಗಳ ಚೆಂದವನ್ನು ಕೇಳಬೇಡಿ. ಎತ್ತಿದರೆ ಅರ್ಧ ಸೊಪ್ಪು ನೆಲಕ್ಕೆ. ನಾವು ನಕ್ಕು ನಕ್ಕು ಸುಸ್ತಾದೆವು. ಆದರೂ ಬಿಡಲಿಲ್ಲ. ಬೀರಮ್ಮ ಮಗಳ ಜೊತೆಗೆ ತಾನೂ ಕಡ್ಡಿಪುಡಿ ಬಿಟ್ಟಳು. ಬಿಟ್ಟ ಮೊದಲಲ್ಲಿ ತಲೆನೋವು, ಸಿಟ್ಟು, ಕಂಡಕಂಡವರ ಮೇಲೆ ರೇಗಾಟ. ನನ್ನ ಬಾಯಿಯೇ ಮೆತ್ತಗೆ ಅನ್ನಿಸುವಂತಾಗಿತ್ತು. ಸಂಘದ ಹೆಂಗಸರೆಲ್ಲ ಕೈಗವಸು ತರಿಸಿಕೊಂಡೆವು. ತುಂಬುತೋಳಿನ ಅಂಗಿ ತೊಟ್ಟು, ಸೊಪ್ಪಿನ ಮೇಲಿನ ನೀರು ಆರಿದ ಮೇಲೆ ಕಟ್ಟಲು ಕೂತೆವು. ವಾಂತಿ ಕಡಿಮೆಯಾಯಿತು. ಇಷ್ಟು ವರ್ಷ ಮಜ್ಜಿಗೆ ಕುಡಿದದ್ದೇ ಬಂತು.

ಮತ್ತೆ ಪರೀಕ್ಷೆ ಮಾಡಿದರು. ತಂಬಾಕಿನ ಸುಳಿವಿರಲಿಲ್ಲ. ಆಪರೇಷನ್ ಆಯಿತು.

ಮಾರನೆಯ ದಿನ ಒಳಗೆ ಬಿಟ್ಟಾಗ ಅಣ್ಣಯ್ಯ ಬಾಗಿಲಲ್ಲೇ ನಿಂತುಬಿಟ್ಟ. ಸೌಂದರ್ಯಳ ಮುಖ ಕುಂಬಳಕಾಯಿಯಷ್ಟು ಊದಿತ್ತು. ಕಣ್ಣಿನ ಸುತ್ತ ನೀಲಿಗಟ್ಟಿ ರೆಪ್ಪೆ ಮುಚ್ಚಿಹೋಗಿತ್ತು. "ಕೊಂದಾಕ್ಬುಟ್ರಲ್ಲೋ ನನ್ ಮಗಳ" ಎಂದು ನರ್ಸಮ್ಮನ ಮೇಲೆ ಎಗರಿದ. ಊತ ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದ್ದು ಬೇರೆ, ಕಣ್ಣಾರೆ ಕಾಣುವುದು ಬೇರೆ.

"ಅಪ್ಪ, ಸುಮ್ಕಿರು" ಎಂದಿತು ಆ ಊದಿದ ಮುಖ, ತುಟಿ ಅಲ್ಲಾಡಿಸದೆ. "ಊತ ಇಳೀತದೆ. ನಂಗೆ ಗಂಜಿ ಬೇಕು."

ಊತ ನಿಧಾನಕ್ಕೆ ಇಳಿಯಿತು. ಹಣೆಯ ಒಂದು ಕಡೆ ಇನ್ನೂ ಜೋಮು ಇದೆ. ಕರೆದಾಗಲೆಲ್ಲ ತಪ್ಪದೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬರುತ್ತಾಳೆ. ಹುಣಸೂರಿನ ಬೇರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಬಂದವರು ಸೀರೆ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಚೌಕಾಶಿ ಮಾಡುತ್ತಾರೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಸೌಂದರ್ಯ ಮುಗಿಸಲಿಲ್ಲ. ರಮ್ಯಶ್ರೀಯನ್ನು ಕರೆದುಕೊಂಡು ಹೋಗಿ ಪೊಲೀಸರಿಗೂ ಆರೋಗ್ಯ ಇಲಾಖೆಗೂ ದೂರು ಕೊಟ್ಟಳು. ಲಾಡ್ಜಿನ ಕೋಣೆಯ ಬೀಗ ಒಡೆದ ದಿನ ನಾನೂ ಹೊರಗೆ ನಿಂತಿದ್ದೆ. ಬಳಸಿದ ಸೂಜಿಗಳ ರಾಶಿಯನ್ನು ತಂದು ಹಾಕಿದರು. ಕನಕರಾಜು ತಲೆ ತಗ್ಗಿಸಿ ಜೀಪಿನಲ್ಲಿ ಕೂತಿದ್ದ. ಅಧಿಕಾರಿಯೊಬ್ಬರು ಎಣ್ಣೆಯಂಥದೇನೋ ತುಂಬಿದ ಒಂದು ಕ್ಯಾನು ಹಿಡಿದು ಹೊರಗೆ ಬಂದರು. ಅದರ ಮೇಲಿನ ಚೀಟಿ ಓದಿ, ಇದು ಔಷಧವಲ್ಲ, ಯಂತ್ರಗಳಿಗೆ ಹಾಕುವ ಎಣ್ಣೆ ಎಂದರು.

ರಮ್ಯಶ್ರೀ ಹತ್ತಿರ ಹೋದಳು. ಕ್ಯಾನನ್ನೊಮ್ಮೆ ನೋಡಿದಳು, ಅಧಿಕಾರಿಯ ಮುಖವನ್ನೊಮ್ಮೆ ನೋಡಿದಳು.

"ಸಾರ್, ನನ್ ಕೆನ್ನೆವೊಳಗೆ ಇರೋದು ಇದೇನಾ?"

ಅಧಿಕಾರಿ ಕ್ಯಾನನ್ನು ತೆಗೆದುಕೊಂಡು ಹೋಗಿ ಜೀಪಿನೊಳಗಿಟ್ಟರು. ನಮ್ಮಲ್ಲಿ ಯಾರಿಗೂ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಹುಣಸೂರಿನವರಿರಿ, ಕೋಟೆಯವರಿರಿ, ಕೆ.ಆರ್. ನಗರದವರಿರಿ, ಕೇಳಿಸಿಕೊಳ್ಳಿ. ನಿಮ್ಮ ಮನೆಯ ಮಗು ಸೌಂದರ್ಯಳ ಹಾಗೆ ಬಂದು ಮನಸ್ಸು ಬಿಚ್ಚಿದರೆ ಬಾಗಿಲು ಹಾಕಬೇಡಿ. ಮನೆಯವರು ಬಾಗಿಲು ಹಾಕಿದರೆ ಲಾಡ್ಜಿನವನು ಬಾಗಿಲು ತೆಗೆದುಕೊಂಡೇ ಕೂತಿರುತ್ತಾನೆ. ಜೊತೆಗೆ ಆಸ್ಪತ್ರೆಗೆ ಹೋಗಿ. ಡಾಕ್ಟರು ಏನು ಓದಿದ್ದಾರೆ, ಇಂಥ ಆಪರೇಷನ್ ಎಷ್ಟು ಮಾಡಿದ್ದಾರೆ, ಏನು ತೊಂದರೆಯಾಗಬಹುದು, ಸರ್ಕಾರದ ನೆರವು ಸಿಗುತ್ತದೆಯೇ, ಎಲ್ಲವನ್ನೂ ನಾಚದೆ ಕೇಳಿ. ನಿಮ್ಮ ಕಡೆಯದನ್ನೂ ಮುಚ್ಚಿಡಬೇಡಿ. ಎಲೆ ಅಡಿಕೆಗೆ ಏನು ಸೇರಿಸುತ್ತೀರಿ, ಯಾವ ಮಾತ್ರೆ, ಯಾವ ನಾಟಿ ಔಷಧ ತಿನ್ನುತ್ತೀರಿ, ಹೊಲದಲ್ಲಿ ಏನು ಮುಟ್ಟುತ್ತೀರಿ, ಕೇಳದಿದ್ದರೂ ಹೇಳಿ. ಹಾರ್ಮೋನು ಮಾತ್ರೆಯನ್ನು ನೀವಾಗಿ ಶುರು ಮಾಡಬೇಡಿ, ನೀವಾಗಿ ನಿಲ್ಲಿಸಲೂ ಬೇಡಿ. ಡಾಕ್ಟರು ತಡೆಯಿರಿ ಎಂದರೆ ತಡೆಯಿರಿ. ತಾಳಿದವನು ಬಾಳಿಯಾನು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಟೆಸ್ಟೂ ಬೇಡ, ಕಾಯುವುದೂ ಬೇಡ, ಸಂಜೆಗೇ ಹೊಸ ಮುಖ ಕೊಡುತ್ತೇನೆ ಎನ್ನುವವನು ಸಿಕ್ಕಿದರೆ ಅವನ ಹತ್ತಿರ ವಾದಕ್ಕೆ ನಿಲ್ಲಬೇಡಿ. ಎದ್ದು ಬನ್ನಿ, ಪೊಲೀಸರಿಗೆ ಹೇಳಿ. ಒಮ್ಮೆ ಒಳಗೆ ಹೋದದ್ದನ್ನು ಪೂರ್ತಿ ಹೊರಗೆ ತೆಗೆಯಲು ಯಾವ ಡಾಕ್ಟರ ಕೈಯಲ್ಲೂ ಆಗುವುದಿಲ್ಲ.